ಕಸದ ಬುಟ್ಟಿಯ ಮಹಜರು

ಯಾವ ಕಸ ಎಲ್ಲಿಂದ ಬಂತು ಅಂತ ಮಗಳಿಗೆ ಪಾಠ ಹೇಳುವ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಒಣ ಕಸದ ಬುಟ್ಟಿಯನ್ನು ಹಳೇ ಪೇಪರ್ ಮೇಲೆ ಸುರುವಿದೆ. ಅವಳು ನೋಟ್‌ಬುಕ್ ಹಿಡಿದು ಮುಂದೆ ಕೂತಳು. ಥೇಟ್ ಪೊಲೀಸ್ ಗತ್ತು.

ಮೊದಲು ಸಿಕ್ಕಿದ್ದು ರಟ್ಟಿನ ಡಬ್ಬ. "ಇದು ಯಾರದ್ದು?" ನನ್ನದೇ. ಮೊಬೈಲ್‌ನಲ್ಲೇ ಆರ್ಡರ್ ಮಾಡಿ ಪೆನ್ನಿಗೆ ರೀಫಿಲ್ ತರಿಸಿದ್ದೆ. ಡಬ್ಬದೊಳಗೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್, ಅದರೊಳಗೊಂದು ಕವರ್, ಕವರಿನೊಳಗೆ ರಟ್ಟಿಗಂಟಿದ ಪ್ಲಾಸ್ಟಿಕ್ ಚಿಪ್ಪು. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿ, ಕೊನೆಗೆ ನನ್ನ ಪೆನ್ನಿನಿಂದ ರೀಫಿಲ್ ಕಿತ್ತು ತಂದಿಟ್ಟಳು. ಅಷ್ಟುದ್ದ ಮೆರವಣಿಗೆ, ಹಿಂದೆ ಕಡ್ಡಿಯಂಥ ದೇವರು!

"ಅಂಗಡಿಗೆ ಹೋದ್ರೆ ಬರೀ ರೀಫಿಲ್ ಕೊಡಲ್ವಾ?" ಎಂದಳು. ಕೊಡ್ತಾರೆ. ನನಗೆ ಸೋಮಾರಿತನ, ಅಷ್ಟೇ.

ಮುಂದಿನದು ಪೇಪರ್ ಕಪ್. ಪೇಪರ್ ತಾನೇ, ಪಾಪ, ಒಳ್ಳೇದು ಅಂತ ನಾನೂ ಬಹಳ ಕಾಲ ನಂಬಿದ್ದೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆವು. ಮಾರನೇ ಬೆಳಿಗ್ಗೆ ಅವಳು ಉಗುರಲ್ಲಿ ಕೆರೆದಾಗ ಒಳಗಿನಿಂದ ಹಾವಿನ ಪೊರೆಯಂಥ ತೆಳು ಪ್ಲಾಸ್ಟಿಕ್ ಸುಲಿದು ಬಂತು. ಅದಿಲ್ಲದಿದ್ದರೆ ಕಪ್ ಸೋರುತ್ತದೆ. ಅದಿರುವುದರಿಂದಲೇ ಮಾಮೂಲಿ ರದ್ದಿಯ ಜೊತೆ ಸೇರುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ಕತೆಯೂ ಹೆಚ್ಚುಕಮ್ಮಿ ಇದೇ. ಒಳಗೆ ಹೊಳೆಯುವುದು ಪ್ಲಾಸ್ಟಿಕ್ಕಿಗೆ ಹಚ್ಚಿದ ಅಲ್ಯೂಮಿನಿಯಂ. ಅಂಟಿಸುವುದು ಸಲೀಸು, ಬಿಡಿಸುವುದೇ ಕಷ್ಟ.

ನನಗೆ ಹುರುಪು ಬಂತು. ಗಾಜು, ಅಲ್ಯೂಮಿನಿಯಂ ಎಷ್ಟು ಸಲ ಕರಗಿಸಿದರೂ ಹೊಸದಾಗುತ್ತವೆ, ಕಾಗದದ ನಾರು ಮಾತ್ರ ಪ್ರತಿ ಸಲ ಗಿಡ್ಡವಾಗುತ್ತಾ ಸುಮಾರು 5-7 ಸಲಕ್ಕೆ ಸುಸ್ತಾಗುತ್ತದೆ ಎಂದೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟಿದ್ದರೆ ಹಳೇ ಡಬ್ಬಿಯನ್ನು ಕರಗಿಸಬಹುದು ಎಂದೆ. ಅವಳು ಆಕಳಿಸಿದಳು. ಮಕ್ಕಳಿಗೆ ಅಂಕಿಅಂಶ ಬೇಡ, ಸುಲಿಯೋಕೆ ಏನಾದರೂ ಬೇಕು.

ಈಗ ನಾನು ಮೊಬೈಲ್ ಹಿಡಿದರೆ ಸಾಕು, "ಎಷ್ಟು ಪದರ ಬರುತ್ತೆ?" ಅಂತ ಹಾಜರ್. ಎರಡು ಸಲ ಸುಮ್ನೆ ಕೆಳಗಿಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಕೆಳಗೆ ಗೀಟೋ ಗೀಟು. ಅವಳ ಹೆಸರಿನ ಕೆಳಗೆ ಒಂದೇ ಒಂದು. ಅನುಮಾನ ಬಂದು ಮಂಚದ ಕೆಳಗೆ ಬಗ್ಗಿದೆ. ಕಂತೆಗಟ್ಟಲೆ ಸ್ಟಿಕರ್ ಕಿತ್ತ ಹಾಳೆ.

"ಅವು ಬುಟ್ಟಿಗೆ ಬಿದ್ದಿಲ್ವಲ್ಲ ಅಪ್ಪಾ," ಎಂದಳು, "ಲೆಕ್ಕಕ್ಕೆ ಬರಲ್ಲ."