ದೊಡ್ಡವರ ಪಕ್ಕ ನಿಂತು ನಮ್ಮನ್ನು ಅಳೆಯಬೇಕಾ?

ಪರ: ಅಳೆಯಿರಿ, ಇಸವಿ ಹಿಡಿದು ಅಳೆಯಿರಿ

ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಪೇಟ ಕಟ್ಟಿದ ವಿಶ್ವೇಶ್ವರಯ್ಯನವರ ಫೋಟೊ ಇರುತ್ತದೆ. ನಮ್ಮ ಮನೆಯಲ್ಲೂ ಇದೆ. ಅದನ್ನು ನೋಡುತ್ತಾ ಬೆಳೆದವರು "ಇಷ್ಟು ವಯಸ್ಸಿಗೆ ನಾನೇನು ಮಾಡಿದೆ?" ಅಂತ ಕೇಳಿಕೊಳ್ಳದೆ ಇರುವುದು ಕಷ್ಟ. ಕೇಳಿಕೊಳ್ಳಲಿ ಬಿಡಿ, ಒಳ್ಳೇದೇ. ಆದರೆ ಸುಮ್ನೆ ಫೋಟೊ ನೋಡಿ ಕೊರಗಬೇಡಿ.

1884ರಲ್ಲಿ ಅವರು ಮುಂಬಯಿ ಪ್ರಾಂತ್ಯದಲ್ಲಿ ಸಹಾಯಕ ಎಂಜಿನಿಯರ್. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ನಡುವೆ 25 ವರ್ಷ! 1912ರಲ್ಲಿ ದಿವಾನರಾದಾಗ ವಯಸ್ಸು ಐವತ್ತು ದಾಟಿತ್ತು. ಕನ್ನಂಬಾಡಿ ಕಟ್ಟೆಯ, ಅಂದರೆ ಕಾವೇರಿಗೆ ಕಟ್ಟಿದ ಕೆ.ಆರ್.ಎಸ್. ಅಣೆಕಟ್ಟಿನ, ಕೆಲಸ ಶುರುವಾದದ್ದು 1911ರಲ್ಲಿ. 1918ರಲ್ಲಿ ಅವರು ದಿವಾನಗಿರಿ ಬಿಟ್ಟಾಗ ಕಟ್ಟೆ ಇನ್ನೂ ಮುಗಿದಿರಲಿಲ್ಲ. ಇಪ್ಪತ್ತೆಂಟಕ್ಕೇ "ನನ್ನ ಕಥೆ ಮುಗೀತು" ಅನ್ನುವ ನಮ್ಮ ಹುಡುಗರು ಈ ಲೆಕ್ಕ ಹಾಕಿ ನೋಡಲಿ. ಎದೆಯ ಭಾರ ಎಷ್ಟೋ ಇಳಿಯುತ್ತದೆ.

ವಿರೋಧ: ಆ ಅಳತೆಗೋಲೇ ಬೇಡ

ಮೇಲಿನ ಲೆಕ್ಕ ಸರಿಯೇ. ಆದರೂ ನನ್ನ ಮನಸ್ಸು ಈ ಕಡೆಗೇ ಜಾಸ್ತಿ ವಾಲುತ್ತದೆ. ಒಬ್ಬರ ಹೆಸರಲ್ಲಿ ನೆನೆಯುವ ಕೆಲಸ ಒಬ್ಬರದ್ದೇ ಆಗಿರುವುದಿಲ್ಲ ಅಲ್ವಾ? ಕನ್ನಂಬಾಡಿಯ ಬೆನ್ನಿಗೆ ನಿಂತವರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಅರೆದು, ಕಲ್ಲು ಹೊತ್ತವರು ಸಾವಿರಾರು ಕೂಲಿಯವರು. ಊರು ನೀರಿಗೆ ಬಿಟ್ಟು ಎದ್ದು ಹೋದವರು ಹಳೇ ಕನ್ನಂಬಾಡಿಯವರು. ಇಷ್ಟು ಜನರ ಬೆವರನ್ನು ಒಂದೇ ಖಾತೆಗೆ ಬರೆದು, ಅದರ ಪಕ್ಕ ನಾನೊಬ್ಬನೇ ಹೋಗಿ ನಿಂತರೆ ಕುಳ್ಳನಾಗಿ ಕಾಣದೆ ಇನ್ನೇನು?

ನಮ್ಮಪ್ಪ ನೀರುಗಂಟಿ, ಗದ್ದೆಗಳಿಗೆ ನಾಲೆ ನೀರು ಹಂಚುವವನು. ಕನ್ನಂಬಾಡಿಯಿಂದ ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. 130 ಅಡಿ ಕಟ್ಟೆಯ ಪಕ್ಕ ನಿಲ್ಲಿಸಿ ಅಪ್ಪನನ್ನು ಅಳೆಯುವುದು ನನ್ನಿಂದಾಗಲ್ಲ. ನಾಟಿ ಸಮಯದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಟಾರ್ಚು, ಗುದ್ದಲಿ ಹಿಡಿದು ಹೊರಡುತ್ತಿದ್ದ. ಮೇಲಿನ ಗದ್ದೆಯವರು ಹುಲ್ಲು, ಮಣ್ಣು ಒಟ್ಟಿ ನೀರಿಗೆ ಅಡ್ಡ ಕಟ್ಟಿರುತ್ತಿದ್ದರು. ಅದನ್ನು ಕೆತ್ತಿ ಬಿಡಿಸಿ, ನೀರಿನ ಹಿಂದೆಯೇ ನಡೆದು ಬರುತ್ತಿದ್ದ. ನೀರು ನಿಂತಲ್ಲಿ ತಾನೂ ನಿಂತು, ಮತ್ತೆ ಗುದ್ದಲಿ. ಕೊನೇ ಗದ್ದೆಯ ಬದುವಿನಲ್ಲಿ ಒಬ್ಬ ಅಜ್ಜಿ ಕಾಲು ಇಳಿಬಿಟ್ಟು ಕಾಯುತ್ತಾ ಕೂತಿರುತ್ತಿದ್ದರು. ಪಾದಕ್ಕೆ ತಣ್ಣಗೆ ತಾಗಿದ ಕೂಡಲೇ ಕತ್ತಲಲ್ಲೇ ಕೂಗುತ್ತಿದ್ದರು: "ಬಂತು ಕಣಪ್ಪಾ, ಬಂತು!"