ಸೇನೆಗೆ ಮಹಿಳೆಯರು ಬಂದದ್ದು 1992ರಲ್ಲಲ್ಲ

ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಮಹಿಳಾ ತುಕಡಿ ಸಾಗಿದಾಗಲೆಲ್ಲ ನಮ್ಮ ಸುದ್ದಿವಾಹಿನಿಗಳು ಭಾರತೀಯ ಸೇನೆಯಲ್ಲಿ ಮಹಿಳೆಯರ ಚರಿತ್ರೆಯನ್ನು 1992ರಿಂದ ಆರಂಭಿಸುತ್ತವೆ. ವೈದ್ಯಕೀಯೇತರ ವಿಭಾಗಗಳಿಗೆ ಮಹಿಳಾ ಅಧಿಕಾರಿಗಳನ್ನು ವಿಶೇಷ ಯೋಜನೆಯಡಿ ಸೇರಿಸಿಕೊಂಡದ್ದು ಆ ವರ್ಷವೇ, ಅದು ನಿಜ. ಆದರೆ ಅದಕ್ಕೂ 16 ವರ್ಷ ಮೊದಲು, 1976ರಲ್ಲಿ, ಗರ್ಟ್ರೂಡ್ ಆಲಿಸ್ ರಾಮ್ ಇದೇ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಗೆ ಏರಿದ್ದರು. ಆ ದರ್ಜೆ ತಲುಪಿದ ಮೊದಲ ಭಾರತೀಯ ಮಹಿಳೆ ಅವರು. ಅವರ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಯಲ್ಲೂ ಬರುವುದು ಅಪರೂಪ. ಅವರು ನರ್ಸ್ ಆಗಿದ್ದರು ಎಂಬುದನ್ನು ಬಿಟ್ಟರೆ ಈ ಮರೆವಿಗೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಅವರು ದುಡಿದ ಮಿಲಿಟರಿ ನರ್ಸಿಂಗ್ ಸೇವೆಯ ಬೇರು ಹಳೆಯದು. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸ್‌ಗಳು ಸೇನಾ ಆಸ್ಪತ್ರೆಗಳ ಶುಶ್ರೂಷೆಯನ್ನು ವ್ಯವಸ್ಥೆಗೊಳಿಸಲು ಬೊಂಬಾಯಿಗೆ ಬಂದಿಳಿದರು. ಮೊದಲ ಮಹಾಯುದ್ಧದ ಕಾಲಕ್ಕೆ ಭಾರತೀಯ ಹೆಣ್ಣುಮಕ್ಕಳೂ ಸೇರಿದರು, 1926ರ ಅಕ್ಟೋಬರ್ 1ರಂದು ಅದು ಸೇನೆಯ ಕಾಯಂ ಅಂಗವಾಯಿತು, 1943ರ ಸುಗ್ರೀವಾಜ್ಞೆಯು ನರ್ಸ್‌ಗಳಿಗೆ ಅಧಿಕಾರಿಯ ಸ್ಥಾನ ಕೊಟ್ಟಿತು. ಇಂದು ಲೆಫ್ಟಿನೆಂಟ್ ಆಗಿ ಸೇರುವ ಯುವತಿ ಮೇಜರ್ ಜನರಲ್‌ವರೆಗೆ ಏರಬಹುದು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ ಇವರನ್ನು ತಯಾರು ಮಾಡುವ ಬಿ.ಎಸ್ಸಿ. ನರ್ಸಿಂಗ್ ಕಾಲೇಜಿದೆ. ಇಂಥ ಕಾಲೇಜುಗಳು ದೇಶದಲ್ಲಿರುವುದು ಆರೇ. ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ಹೇಳಿ ಎದೆಯುಬ್ಬಿಸುವ ನಾವು ಆ ಗೇಟಿನ ಮುಂದೆ ಟ್ರಾಫಿಕ್ಕನ್ನು ಬೈಯುತ್ತ ಹಾದುಹೋಗುತ್ತೇವೆ.

ಸೇನಾ ನರ್ಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಯುದ್ಧದ ಗಾಯಾಳು. ಕಾರ್ಗಿಲ್ ಕಾಳಗದ ಕಾಲದಲ್ಲಿ ಶ್ರೀನಗರದ 92 ಬೇಸ್ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವರಿಗೆ ಆ ಚಿತ್ರ ಸಲ್ಲುತ್ತದೆ. ಆದರೆ ಗುಂಡಿನ ಸದ್ದಿಲ್ಲದ ದಿನಗಳಲ್ಲೂ ಹಿಮ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಎತ್ತರದ ಠಾಣ್ಯದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಕೆಳಗಿಳಿಸಲ್ಪಟ್ಟ ಜವಾನನ ಆಮ್ಲಜನಕದ ಮಟ್ಟವನ್ನು ರಾತ್ರಿಯಿಡೀ ಗಮನಿಸುವವಳು ಅವಳು. ಹಿಮಗಡಿತದಿಂದ ಕಪ್ಪಾದ ಬೆರಳುಗಳಲ್ಲಿ ಯಾವುದು ಉಳಿದೀತು, ಯಾವುದನ್ನು ಕತ್ತರಿಸಬೇಕಾದೀತು ಎಂಬುದು ತಿಳಿಯಲು ವಾರಗಳೇ ಹಿಡಿಯುವಾಗ, ಡ್ರೆಸ್ಸಿಂಗ್ ಬದಲಿಸುತ್ತ ಅದೇ ಪ್ರಶ್ನೆಯನ್ನು ದಿನವೂ ಎದುರಿಸುವವಳೂ ಅವಳೇ. ನೆಲಬಾಂಬಿಗೆ ಕಾಲು ಕಳೆದುಕೊಂಡವನು ಇಲ್ಲದ ಪಾದ ಉರಿಯುತ್ತಿದೆ ಎಂದಾಗ, ಅದು ಭ್ರಮೆಯಲ್ಲ, ನರಗಳ ನಿಜವಾದ ನೋವು ಎಂದು ತಿಳಿದು ಔಷಧಿ ಕೊಡಬೇಕು. ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಅವನು ಹೋಗುವುದು ಆಮೇಲಿನ ಮಾತು. ಇವೆಲ್ಲದರ ನಡುವೆ ಸೈನಿಕರ ಹೆಂಡತಿಯರ ಹೆರಿಗೆಗಳು, ಪಿಂಚಣಿದಾರ ಅಜ್ಜಂದಿರ ಸಕ್ಕರೆ ಕಾಯಿಲೆ, ಕೆಲವೇ ವರ್ಷಗಳಿಗೊಮ್ಮೆ ವರ್ಗಾವಣೆ. ಕೆಲವರು ವಿಶ್ವಸಂಸ್ಥೆಯ ಶಾಂತಿಪಾಲನಾ ಆಸ್ಪತ್ರೆಗಳಿಗೂ ಹೋಗಿಬರುತ್ತಾರೆ.

ಇಂಥ ಕೆಲಸ ಮಾಡುವವರನ್ನು ಸರ್ಕಾರ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಸೆಲಿನಾ ಜಾನ್ ಅವರ ಪ್ರಕರಣ ಸಾಕು. ಲೆಫ್ಟಿನೆಂಟ್ ಆಗಿದ್ದ ಅವರು ಸೇನಾಧಿಕಾರಿಯೊಬ್ಬರನ್ನು ಮದುವೆಯಾದರು. 1988ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ನರ್ಸಿಂಗ್ ಅಧಿಕಾರಿ ಮದುವೆಯಾದರೆ ಸೇವೆಯಿಂದ ತೆಗೆಯಲು ಅವಕಾಶ ಕೊಡುವ ನಿಯಮ 1977ರ ಸೇನಾ ಸೂಚನೆಯಲ್ಲಿತ್ತು, ಅದು ಮಹಿಳೆಯರಿಗೆ ಮಾತ್ರ ಅನ್ವಯಿಸುತ್ತಿತ್ತು. ಗಂಡ ಸೇನೆಯಲ್ಲಿ ಉಳಿಯಬಹುದಿತ್ತು, ಹೆಂಡತಿ ಉಳಿಯುವಂತಿರಲಿಲ್ಲ. ಆ ನಿಯಮ 1995ರಲ್ಲಿ ರದ್ದಾಯಿತು. ಅವರಿಗೆ ನ್ಯಾಯ ಸಿಕ್ಕಿದ್ದು ಮಾತ್ರ 2024ರ ಫೆಬ್ರವರಿಯಲ್ಲಿ. ಇದು ನಿಚ್ಚಳ ಲಿಂಗತಾರತಮ್ಯ ಎಂದ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇಂದ್ರಕ್ಕೆ ಆದೇಶಿಸಿತು. ಕಿತ್ತುಕೊಂಡ ವೃತ್ತಿಜೀವನಕ್ಕೆ, ಮೂವತ್ತಾರು ವರ್ಷಗಳ ಕಾಯುವಿಕೆಗೆ ಆ ಮೊತ್ತ ಹೆಚ್ಚೇ, ಕಡಿಮೆಯೇ ಎಂದು ಓದುಗರೇ ಲೆಕ್ಕ ಹಾಕಲಿ. ಇಷ್ಟಾಗಿಯೂ ಕೇಂದ್ರ ಸರ್ಕಾರ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿತೆಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಹಳೆಯ ನಿಯಮ ಹೋಯಿತು, ಇನ್ನೇನು ಎನ್ನುವವರು ವೇತನ ಚೀಟಿಯನ್ನು ನೋಡಬೇಕು. ಏಳನೇ ವೇತನ ಆಯೋಗದ ಬಳಿಕ ಸೇನಾಧಿಕಾರಿಗಳಿಗೆ ತಿಂಗಳಿಗೆ 15,500 ರೂಪಾಯಿ ಮಿಲಿಟರಿ ಸೇವಾ ವೇತನ ನಿಗದಿಯಾದರೆ, ನರ್ಸಿಂಗ್ ಸೇವೆಯ ಅಧಿಕಾರಿಗಳಿಗೆ ನಿಗದಿಯಾದದ್ದು 10,800. ಸೇನಾ ಬದುಕಿನ ವಿಶೇಷ ಕಷ್ಟಗಳಿಗೆಂದು ಕೊಡುವ ಹಣವಿದು. ಒಂದೇ ಆಸ್ಪತ್ರೆಯಲ್ಲಿ, ಒಂದೇ ರಾತ್ರಿ, ಒಂದೇ ರೋಗಿಯ ಹಾಸಿಗೆಯ ಬಳಿ ನಿಂತ ಮೇಜರ್ ವೈದ್ಯನಿಗೂ ಮೇಜರ್ ನರ್ಸ್‌ಗೂ ವರ್ಗಾವಣೆಯ ಕಷ್ಟದಲ್ಲಿ, ಮಕ್ಕಳ ಶಾಲೆ ಬದಲಿಸುವ ಕಷ್ಟದಲ್ಲಿ 4,700 ರೂಪಾಯಿಯ ವ್ಯತ್ಯಾಸ ಎಲ್ಲಿಂದ ಬಂತು? ವೈದ್ಯರ ಓದು ದೀರ್ಘವಾದದ್ದು, ಅವರ ಮೂಲ ವೇತನ ಹೆಚ್ಚಿದ್ದರೆ ನನ್ನ ತಕರಾರಿಲ್ಲ. ತರಬೇತಿಗೆ ಸೇರುವಾಗ ಅವಿವಾಹಿತೆಯಾಗಿರಬೇಕೆಂಬ ಷರತ್ತಿನ ಬಗ್ಗೆಯೂ ಇಲ್ಲ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರುವವರಿಗೂ ಅದು ಇದೆ. ಆದರೆ ಕಷ್ಟಕ್ಕೆ ಕಟ್ಟುವ ಬೆಲೆ ಬೇರೆಯಾಗಲು ಕಾರಣವೇ ಇಲ್ಲ.

ಪಿಯುಸಿ ಮುಗಿಸಿದ ಮಗಳನ್ನು ಈ ಸೇವೆಗೆ ಕಳಿಸಬಹುದೇ ಎಂದು ಯಾರಾದರೂ ಕೇಳಿದರೆ ಖಂಡಿತ ಕಳಿಸಿ ಎನ್ನುತ್ತೇನೆ. ಆರೂ ಕಾಲೇಜುಗಳಲ್ಲಿ ಸೇರಿ ಇರುವುದು 220 ಸೀಟು, ನೀಟ್ ಬರೆಯಲೇಬೇಕು, ಪೈಪೋಟಿ ಬಿರುಸಾಗಿಯೇ ಇರುತ್ತದೆ. ಸಂಸತ್ತಿಗೆ ನಾವು ಆರಿಸಿ ಕಳಿಸಿದವರು ಆ 4,700 ರೂಪಾಯಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿ, ರಕ್ಷಣಾ ಸಚಿವರ ಉತ್ತರ ಕಡತಕ್ಕಾದರೂ ಸೇರಲಿ.