ಹಿಮ ನಮ್ಮಲ್ಲಿಲ್ಲ, ಇಲಿ ಐತಿ

ಹಳೇ ಮಿಲಿಟರಿ ಗಾಡಿಗೆ ಚಳಿಗಾಲದಲ್ಲಿ ತಾಡಪತ್ರಿ ಬಿಗಿಯಾಗಿ ಹೊದಿಸಿ, ರೇಡಿಯೇಟರ್ ನೀರು ಬಸಿದುಬಿಡಿ ಅಂತ ಬರೆದಿದ್ದೀರಿ. ಹಿಮ ಬೀಳೋ ದೇಶಕ್ಕೆ ಸರಿ. ನಮ್ಮ ಕಾರಟಗಿ ಕಡೆ ನೀರು ಹೆಪ್ಪುಗಟ್ಟೋ ಮಾತೆಲ್ಲಿ ಬಂತು!

ನಮ್ಮ ಮಾವ ಹರಾಜಿನಲ್ಲಿ ತಂದ ಜೋಂಗಾ ಹೊಲದಲ್ಲೇ ನಿಂತಿದೆ. 1969ರಿಂದ 1999ರವರೆಗೆ ಜಬಲ್ಪುರದಲ್ಲಿ ತಯಾರಾಗುತ್ತಿದ್ದ, ಆರು ಸಿಲಿಂಡರಿನ ಮಿಲಿಟರಿ ಪೆಟ್ರೋಲ್ ಜೀಪು ಅದು. ಭತ್ತ ಕೊಯ್ದ ಮೇಲೆ ಗದ್ದೆಯ ಇಲಿಗಳೆಲ್ಲ ಅದರ ಬಾನೆಟ್ಟಿನೊಳಗೇ ಸಂಸಾರ ಹೂಡುತ್ತವೆ. ಹೋದ ಡಿಸೆಂಬರಿನಲ್ಲಿ ತೆಗೆದು ನೋಡಿದರೆ ಏರ್ ಫಿಲ್ಟರಿನ ಪಕ್ಕ ಹುಲ್ಲಿನ ಗೂಡು, ಅದರೊಳಗೆ ಕೆಂಪಗಿನ ನಾಲ್ಕು ಮರಿ, ಹಾರ್ನಿನ ವೈರು ತುಂಡು ತುಂಡು. ಅದಕ್ಕೇ ಹುಲ್ಲಿನ ಬಣವಿಯಿಂದ ಗಾಡಿ ದೂರ ಇರಲಿ.

ತಾಡಪತ್ರಿ ಬಿಗಿದು ಕಟ್ಟಿದ್ದೇ ನಮ್ಮ ದೊಡ್ಡ ತಪ್ಪು. ಕಾಲುವೆ ನೀರಿನ ಎರಿ ಹೊಲ, ಮೇಲೆ ಇಬ್ಬನಿ. ಒಳಗೆ ಬೆವರು ಕೂತು ನೆಲದ ತಗಡು ತುಕ್ಕು ಹಿಡಿಯಿತು. ಈಗ ನಾಲ್ಕೂ ಕಡೆ ಗಾಳಿಯಾಡೋ ತಗಡಿನ ಚಪ್ಪರ, ಗಾಲಿ ಕೆಳಗೆ ಕಲ್ಲಿನ ಚಪ್ಪಡಿ. ಬ್ಯಾಟರಿ ಬಿಚ್ಚಿ ಮನೆಯಲ್ಲಿಡುತ್ತೇವೆ. ಎಥನಾಲ್ ಬೆರೆತ ಈಗಿನ ಪೆಟ್ರೋಲು ತೇವ ಎಳೆಯುತ್ತದೆ, ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಖಾಲಿ ಮಾಡಿಬಿಡಿ. ರೇಡಿಯೇಟರ್ ಮಾತ್ರ ಬಸಿಯಬೇಡಿ, ಎಂಜಿನ್ ತಂಪಿಡೋ ಕೂಲಂಟ್ ದ್ರವ ತುಂಬಿಡಿ.